ಕಿವಿಯ ಮೇಲಿನ ಬೆರಳು

ರಾಜಗೋಪಾಲನಗರದ ಮುಖ್ಯರಸ್ತೆ ಬಿಟ್ಟು ಒಳಗಿನ ಕ್ರಾಸುಗಳಿಗೆ ಹೊರಳಿದರೆ ಒಂದೊಂದು ಶೆಡ್ಡಿಗೂ ಒಂದೊಂದು ಸದ್ದು. ಪವರ್ ಪ್ರೆಸ್ ಒಂದೇ ತಾಳದಲ್ಲಿ ಬಡಿಯುತ್ತಿರುತ್ತದೆ, ಲೇತ್ ಕೀರಲು ದನಿ ಎಳೆಯುತ್ತಿರುತ್ತದೆ, ಎರಡರ ನಡುವೆ ಎಣ್ಣೆ ಜಿಡ್ಡು ಹಿಡಿದ ಎಫ್‌ಎಂ ರೇಡಿಯೊ ಹಾಡುತ್ತಿರುತ್ತದೆ. ಯಾದಗಿರಿ, ರಾಯಚೂರು, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಹೆಲ್ಪರ್ ಆಗಿ ಸೇರಿ ಆಪರೇಟರ್ ಆದ ಹುಡುಗರು ಪೀಣ್ಯದ ಈ ಸೆರಗಿನಲ್ಲಿ ಬೇಕಾದಷ್ಟು ಮಂದಿ. ಅಂಥ ಒಬ್ಬ ಹುಡುಗ ಒಂದು ರಂಜಾನಿನಲ್ಲಿ ನಮಾಜು ಮುಗಿಸಿ ಹೊರಬರುವಾಗ ನನ್ನನ್ನು ನಿಲ್ಲಿಸಿದ. "ಚಾಚಾ, ಹಾಡು ಕೇಳೂದು ಗುನಾಹ್ ಏನ್ರಿ?" ಫೋನಿನಲ್ಲಿದ್ದ ಹಾಡುಗಳನ್ನೆಲ್ಲ ಅಳಿಸಿದ್ದನಂತೆ. ಶೆಡ್ಡಿನ ರೇಡಿಯೊ ಮಾತ್ರ ಅವನ ಕೈಯಲ್ಲಿರಲಿಲ್ಲ. ಶಿಫ್ಟು ಪೂರ್ತಿ ಅದು ಹಾಡುತ್ತದೆ, ಮೆಷಿನ್ ಮುಂದೆ ನಿಂತವನಿಗೆ ಕಿವಿ ಮುಚ್ಚಿಕೊಳ್ಳಲು ಕೈ ಬಿಡುವಿಲ್ಲ.

ನಾನು ಮುಫ್ತಿಯಲ್ಲ. ಆದರೆ ಈ ಪ್ರಶ್ನೆ ನಮ್ಮ ಮನೆಗೆ ಹೊಸದೂ ಅಲ್ಲ. ಸಿಂದಗಿ ಕಡೆಯ ಹಳ್ಳಿಯಲ್ಲಿ ನನ್ನ ತಂದೆ ಮೊಹರಂ ಬಂದರೆ ರಿವಾಯತು ಪದ ಹೇಳುತ್ತಿದ್ದರು. ಕರ್ಬಲಾದ ಕಥೆ, ಹಸನ ಹುಸೇನರ ಹೆಸರು, ಅಚ್ಚ ಕನ್ನಡದ ನುಡಿ. ಮೇಳದಲ್ಲಿ ಅವರ ಜೊತೆ ಕುರುಬರವರು, ತಳವಾರರು, ಲಿಂಗಾಯತರು ಇರುತ್ತಿದ್ದರು. ಅರವತ್ತು ದಾಟಿದ ಮೇಲೆ ಒಮ್ಮೆ ಊರಿಗೆ ಬಂದ ಮೌಲಾನಾ ಒಬ್ಬರ ಬಯಾನು ಕೇಳಿ ಅಪ್ಪ ಹಾಡುವುದನ್ನು ನಿಲ್ಲಿಸಿದರು. ಪದದ ಪುಸ್ತಕವನ್ನು ಟ್ರಂಕಿನಲ್ಲಿಟ್ಟರು. ಯಾರ ಮೇಲೂ ಸಿಟ್ಟಾಗಲಿಲ್ಲ, ಯಾರಿಗೂ ಬಿಡಿ ಎಂದು ಹೇಳಲೂ ಇಲ್ಲ. ಅವರ ನಿರ್ಧಾರವನ್ನು ನಾನು ಗೌರವಿಸಿದೆ, ಆ ದನಿ ಹೋದದ್ದಕ್ಕೆ ಇಂದಿಗೂ ಮರುಗುತ್ತೇನೆ. ಹುಡುಗನಿಗೆ ಆ ರಾತ್ರಿ ಅರೆಬರೆ ಉತ್ತರ ಕೊಟ್ಟೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ತೊಡಕು ಪದದ್ದು. ‘ಸಂಗೀತ ಹಲಾಲೋ ಹರಾಮೋ’ ಎಂದು ಕನ್ನಡದಲ್ಲಿ ಕೇಳಿದ ಕೂಡಲೇ ಹಲವು ಬೇರೆಬೇರೆ ವಸ್ತುಗಳು ಒಂದೇ ಗಂಟಿಗೆ ಬೀಳುತ್ತವೆ. 13ನೇ ಶತಮಾನದ ಶಾರ್ಙ್ಗದೇವ ತನ್ನ ಸಂಗೀತರತ್ನಾಕರದಲ್ಲಿ ಗೀತ, ವಾದ್ಯ, ನೃತ್ಯ ಮೂರೂ ಸೇರಿದರೇ ಸಂಗೀತ ಎಂದ. ಇಸ್ಲಾಮಿನ ಶಾಸ್ತ್ರಕಾರರ ದಾರಿ ಇದಕ್ಕೆ ತಿರುಗುಮುರುಗು. ಅವರು ಗಂಟು ಬಿಚ್ಚಿ ಬಿಡಿಬಿಡಿಯಾಗಿ ತೂಗುತ್ತಾರೆ. ಕುರಾನ್ ಪಠಣಕ್ಕೆ ಒಂದು ಹೆಸರು, ಬರಿದನಿಯಲ್ಲಿ ಹಾಡುವ ನಶೀದ್‌ಗೆ ಇನ್ನೊಂದು, ಗಾಯನಕ್ಕೆ ‘ಗಿನಾ’, ವಾದ್ಯಗಳಿಗೆ ‘ಮಆಝಿಫ್’, ಸೂಫಿಗಳ ಆಲಿಕೆಗೆ ‘ಸಮಾ’. ಈಜಿಪ್ಟಿನ ಕಾರಿ, ಅಂದರೆ ಕುರಾನ್ ಪಠಣಕಾರ, ಅಬ್ದುಲ್ ಬಾಸಿತ್ ಅಬ್ದುಸ್ಸಮದ್ ಓದುವಾಗ ದನಿ ಅರಬರ ರಾಗಗಳಾದ ಮಕಾಮಿನಿಂದ ಮಕಾಮಿಗೆ ಏರುವುದನ್ನು ಸ್ವರಜ್ಞಾನ ಇದ್ದವರು ಕೇಳಿದರೆ ಬೆರಗಾಗುತ್ತಾರೆ. ಆದರೂ ಅದನ್ನು ಸಂಗೀತ ಎಂದು ಯಾವ ಮುಸಲ್ಮಾನನೂ ಕರೆಯುವುದಿಲ್ಲ. ಹಾಗಾಗಿ ಪ್ರಶ್ನೆಗೆ ಉತ್ತರ ಹುಡುಕುವವರು ಮೊದಲು ಎದುರು ಪ್ರಶ್ನೆ ಕೇಳಬೇಕು: ಯಾವುದನ್ನು, ಯಾರಿಂದ, ಯಾವಾಗ, ಏತಕ್ಕೆ?

ಕುರಾನಿನಲ್ಲಿ ಸಂಗೀತ ಎಂದು ಹೆಸರು ಹಿಡಿದು ಹಾಕಿದ ನಿಷೇಧ ಇಲ್ಲ. ನಿಷೇಧ ಹೇಳುವವರು ಹೆಚ್ಚಾಗಿ ತೆಗೆದುಕೊಳ್ಳುವುದು ಲುಕ್ಮಾನ್ ಸೂರಾದ 6ನೇ ಆಯತ್ತನ್ನು. ಜನರನ್ನು ಅಲ್ಲಾಹನ ದಾರಿಯಿಂದ ತಪ್ಪಿಸಲು ‘ಲಹ್ವಲ್ ಹದೀಸ್’ ಅನ್ನು, ಅಂದರೆ ಮನಸ್ಸನ್ನು ಸೆಳೆದೊಯ್ಯುವ ಮಾತನ್ನು, ಕೊಳ್ಳುವವರ ಬಗ್ಗೆ ಅದು ಹೇಳುತ್ತದೆ. ಅದರ ಅರ್ಥ ಗಾಯನವೇ ಎಂದು ಪ್ರವಾದಿಯವರ ಸಂಗಾತಿ ಇಬ್ನ್ ಮಸ್‌ಊದ್ ಆಣೆಯಿಟ್ಟು ಹೇಳಿದ್ದಾಗಿ ವರದಿ ಇದೆ. ಇದು ಹಗುರವಾದ ಸಾಕ್ಷ್ಯವಲ್ಲ. ಇನ್ನೊಂದು ವ್ಯಾಖ್ಯಾನದಲ್ಲಿ, ಆಯತ್ತು ಸೂಚಿಸುವುದು ಪರ್ಷಿಯಾದ ರಾಜರ ಕಥೆಗಳನ್ನು ತಂದು ಮೆಕ್ಕಾದ ಜನರನ್ನು ಕುರಾನಿನಿಂದ ದೂರ ಸೆಳೆಯುತ್ತಿದ್ದ ನದ್ರ್ ಬಿನ್ ಹಾರಿಸ್ ಎಂಬವನನ್ನು. ದಾರಿ ತಪ್ಪಿಸುವ ಉದ್ದೇಶ ಎಂಬ ಷರತ್ತು ಆಯತ್ತಿನೊಳಗೇ ಇದೆ, ಆ ಉದ್ದೇಶ ಇಲ್ಲದ ಹಾಡಿಗೆ ಅದು ತಗಲುವುದಿಲ್ಲ ಎಂದು ಸ್ಪೇನಿನ ಇಬ್ನ್ ಹಝ್ಮ್ ವಾದಿಸಿದರು. ಅವರು ತೀರಿಕೊಂಡದ್ದು 1064ರಲ್ಲಿ. ಇದೆಲ್ಲ ನಿನ್ನೆ ಮೊನ್ನೆಯ ಉದಾರವಾದಿಗಳು ಕಟ್ಟಿದ ವಾದ ಎನ್ನುವವರಿಗಾಗಿ ಇಸವಿಯನ್ನು ಬರೆದೆ.

ಹದೀಸಿಗೆ, ಅಂದರೆ ಪ್ರವಾದಿಯವರ ನಡೆನುಡಿಗಳ ವರದಿಗಳಿಗೆ, ಬಂದರೆ ತಕ್ಕಡಿ ಎರಡೂ ಕಡೆ ತೂಗುತ್ತದೆ. ಬುಖಾರಿಯ ಸಂಗ್ರಹದಲ್ಲೇ ಇರುವ ಒಂದು ಹದೀಸು, ಮುಂದೆ ಕೆಲವರು ವ್ಯಭಿಚಾರ, ರೇಷ್ಮೆ, ಮದ್ಯ ಮತ್ತು ಮಆಝಿಫ್‌ಗಳನ್ನು ಹಲಾಲ್ ಮಾಡಿಕೊಳ್ಳುತ್ತಾರೆ ಎಂದು ಎಚ್ಚರಿಸುತ್ತದೆ. ಬುಖಾರಿಯವರಿಗೂ ಅವರಿಗೆ ಹೇಳಿದವರಿಗೂ ನಡುವೆ ಕೊಂಡಿ ಕಳಚಿದೆ ಎಂದರು ಇಬ್ನ್ ಹಝ್ಮ್. ಇಲ್ಲ, ಕೊಂಡಿ ಬೇರೆ ಕಡೆ ಸರಿಯಾಗಿಯೇ ಸಿಗುತ್ತದೆ ಎಂದು ಇಬ್ನ್ ಹಜರ್ ಅವರಂಥ ದೊಡ್ಡ ವಿದ್ವಾಂಸರು ಉತ್ತರ ಕೊಟ್ಟರು. ಅದೇ ಬುಖಾರಿಯಲ್ಲಿ ಹಬ್ಬದ ದಿನ ಪ್ರವಾದಿಯವರ ಮಡದಿ ಆಯಿಷಾ ಅವರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದ ಪ್ರಸಂಗವೂ ಇದೆ. ಆಕೆಯ ತಂದೆ ಅಬೂಬಕರ್ ಒಳಗೆ ಬಂದು ಗದರಿಸುತ್ತಾರೆ. ಪ್ರವಾದಿ ತಡೆದು, ಇರಲಿ ಬಿಡಿ, ಪ್ರತಿಯೊಂದು ಜನಕ್ಕೂ ಒಂದು ಹಬ್ಬವಿದೆ, ಇದು ನಮ್ಮ ಹಬ್ಬ ಎನ್ನುತ್ತಾರೆ. ಅನುಮತಿ ಇದೆ ಎನ್ನುವವರು ಪ್ರವಾದಿಯವರ ಮಾತನ್ನು ಹಿಡಿದರೆ, ಇಲ್ಲವೆನ್ನುವವರು ಅಬೂಬಕರ್ ಅವರ ಗದರಿಕೆಯನ್ನು ಹಿಡಿಯುತ್ತಾರೆ. ಸಾಮಾನ್ಯ ರೂಢಿ ನಿಷೇಧವೇ ಆಗಿದ್ದರಿಂದಲ್ಲವೇ ಅವರು ಗದರಿದ್ದು, ಹಬ್ಬದ ವಿನಾಯಿತಿಯನ್ನು ಹಿಗ್ಗಿಸಬೇಡಿ ಎನ್ನುತ್ತಾರೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಪ್ರವಾದಿಯವರ ಇನ್ನೊಬ್ಬ ಸಂಗಾತಿ ಇಬ್ನ್ ಉಮರ್ ಅವರ ಕಥೆ. ದಾರಿಯಲ್ಲಿ ಕುರುಬನ ಕೊಳಲಿನ ದನಿ ಕೇಳಿದಾಗ ಅವರು ಎರಡೂ ಕಿವಿಗೆ ಬೆರಳಿಟ್ಟುಕೊಂಡು ದಾರಿ ಬದಲಿಸಿದರು. ಇನ್ನೂ ಕೇಳುತ್ತಿದೆಯೇ ಎಂದು ಜೊತೆಗಿದ್ದ ನಾಫಿಯನ್ನು ವಿಚಾರಿಸುತ್ತ ನಡೆದರು, ಕೇಳುತ್ತಿಲ್ಲ ಎಂದ ಮೇಲೆ ಬೆರಳು ತೆಗೆದರು. ಪ್ರವಾದಿ ಹೀಗೆ ಮಾಡಿದ್ದನ್ನು ಕಂಡಿದ್ದೆ ಎಂದರು. ಇದನ್ನು ಸಂಗ್ರಹಿಸಿದ ಅಬೂದಾವೂದ್ ತಾವೇ ಇದರ ಪ್ರಾಮಾಣ್ಯದ ಬಗ್ಗೆ ಅನುಮಾನ ಬರೆದಿಟ್ಟಿದ್ದಾರೆ. ಕಥೆ ನಿಜವೆಂದೇ ಇಟ್ಟುಕೊಳ್ಳೋಣ. ಅವರು ತಮ್ಮ ಕಿವಿ ಮುಚ್ಚಿಕೊಂಡರು, ಕುರುಬನ ಕೊಳಲು ಕಸಿಯಲಿಲ್ಲ. ನಾಫಿಗೆ ನೀನೂ ಮುಚ್ಚಿಕೋ ಎನ್ನಲಿಲ್ಲ. ಈ ಮಾತನ್ನು ಹಳೆಯ ಪಂಡಿತರೇ ಎತ್ತಿದ್ದಾರೆ. ನನಗೆ ಇದರಲ್ಲಿ ಅಪ್ಪ ಕಾಣುತ್ತಾರೆ.

ಇಷ್ಟು ಹೇಳಿ, ಸುನ್ನಿಗಳ ನಾಲ್ಕೂ ಮದ್‌ಹಬ್‌ಗಳ, ಅಂದರೆ ಧರ್ಮಶಾಸ್ತ್ರದ ಪಂಥಗಳ, ಬಹುಮತ ತಂತಿವಾದ್ಯ ಮತ್ತು ಕೊಳಲಿನ ಜಾತಿಯ ವಾದ್ಯಗಳ ವಿರುದ್ಧವೇ ನಿಂತಿದೆ ಎಂಬುದನ್ನೂ ಒಪ್ಪಬೇಕು. ಇಮಾಂ ಶಾಫಿ ಗಾಯನವನ್ನು ಮಕ್ರೂಹ್, ಅಂದರೆ ಒಲ್ಲದ ಕೆಲಸ ಎಂದರು, ಅದರಲ್ಲೇ ಮುಳುಗಿದವನ ಸಾಕ್ಷ್ಯ ನ್ಯಾಯಸ್ಥಾನದಲ್ಲಿ ನಡೆಯದು ಎಂದರು. ಬೆಂಗಳೂರಿನ ಉರ್ದು ಮಾತಾಡುವ ಮುಸ್ಲಿಮರಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಮದ್‌ಹಬ್ ಇನ್ನೂ ಬಿಗಿ. ಇಸ್ಲಾಂ ಸಂಗೀತವನ್ನು ಎಂದೂ ತಡೆದಿಲ್ಲ, ಇದೆಲ್ಲ ಮುಲ್ಲಾಗಳ ಕಟ್ಟುಕಥೆ ಎಂದು ಸಭೆಗಳಲ್ಲಿ ಹೇಳುವ ನನ್ನ ಕೆಲವು ಗೆಳೆಯರ ಉದ್ದೇಶ ಒಳ್ಳೆಯದು, ಮಾತು ಸರಿಯಲ್ಲ.

ಈ ಗೋಜಲನ್ನು ಎಲ್ಲರಿಗಿಂತ ಚೆನ್ನಾಗಿ ಬಿಡಿಸಿದವರು ಇಮಾಂ ಗಝ್ಝಾಲಿ. 1111ರಲ್ಲಿ ತೀರಿಕೊಂಡ ಅವರು ‘ಇಹ್ಯಾ ಉಲೂಮುದ್ದೀನ್’ ಗ್ರಂಥದ ಒಂದು ಇಡೀ ಭಾಗವನ್ನು ಸಮಾಕ್ಕೆ ಮೀಸಲಿಟ್ಟರು. ಇಂಪಾದ ದನಿ ಇಂಪಾಗಿದೆ ಎಂಬ ಕಾರಣಕ್ಕೆ ಹರಾಮಾಗುವುದಾದರೆ ಹಕ್ಕಿಯ ದನಿಯೂ ಹರಾಮಾಗಬೇಕಿತ್ತು ಎಂಬುದು ಅವರ ತರ್ಕ. ತಂತಿ, ಕೊಳಲುಗಳ ನಿಷೇಧಕ್ಕೆ ಕಾರಣ ಅವು ಹೆಂಡದ ಕೂಟದ ಸಂಗಾತಿಗಳಾಗಿದ್ದದ್ದು ಎನ್ನುತ್ತಾರೆ. ಹಾಡುವವರು ಯಾರು, ವಾದ್ಯ ಯಾವುದು, ಹಾಡಿನ ಮಾತು ಎಂಥದು, ಕೇಳುವವನ ಮನಸ್ಸು ಯಾವ ಸ್ಥಿತಿಯಲ್ಲಿದೆ, ಕೇಳುವುದೇ ಚಟವಾಗಿದೆಯೇ ಎಂಬ ಐದನ್ನು ನೋಡಿ ತೀರ್ಮಾನಿಸಿ ಎಂದರು. ಅದೇ ಹಾಡು ಒಬ್ಬನನ್ನು ದೇವರತ್ತ ಒಯ್ದೀತು, ಇನ್ನೊಬ್ಬನನ್ನು ಕೆಡಿಸೀತು. ಅವರಿಗಿಂತ ಎರಡು ಶತಮಾನ ಆಮೇಲೆ ಬಂದ ಇಬ್ನ್ ತೈಮಿಯ್ಯಾ ಇದನ್ನು ಒಪ್ಪಲಿಲ್ಲ. ದೇವರತ್ತ ಹೋಗಲು ಪ್ರವಾದಿ ತೋರಿದ ದಾರಿ ಸಾಲದೆಂದು ಹೊಸ ದಾರಿ ಮಾಡಿಕೊಳ್ಳುವುದೇ ತಪ್ಪು ಎಂಬುದು ಅವರ ಆಕ್ಷೇಪ. ಇಂದಿನ ಸಲಫಿ ವಿಚಾರದವರ ಮಾತಿನ ಬೇರು ಅಲ್ಲಿದೆ.

ಸರಿಸುಮಾರು ಅದೇ ಕಾಲಕ್ಕೆ ದಿಲ್ಲಿಯಲ್ಲೂ ಪಂಚಾಯ್ತಿ ನಡೆಯಿತು. ಸಮಾ ಕೇಳುತ್ತಾರೆಂಬ ದೂರಿನ ಮೇಲೆ ಚಿಶ್ತಿ ಸಂತ ನಿಜಾಮುದ್ದೀನ್ ಔಲಿಯಾ ಅವರನ್ನು ಸುಲ್ತಾನ ಘಿಯಾಸುದ್ದೀನ್ ತುಘಲಕ್ ಉಲೆಮಾಗಳ ಮುಂದೆ ಕರೆಸಿದ. ಸಮಾ ನಿಲ್ಲಲಿಲ್ಲ. ಆದರೆ ಚಿಶ್ತಿಗಳ ಒಳಗೇ ಮಾತು ಒಂದಿರಲಿಲ್ಲ, ಔಲಿಯಾ ಅವರ ಉತ್ತರಾಧಿಕಾರಿ ಚಿರಾಗ್ ದೆಹಲಿ ವಾದ್ಯ ಇರುವ ಕೂಟದಿಂದ ಎದ್ದು ಹೋಗುತ್ತಿದ್ದರು. ಆ ಚಿರಾಗ್ ದೆಹಲಿಯವರ ಶಿಷ್ಯರೇ ನಮ್ಮ ಕಲಬುರಗಿಯ ಬಂದೇನವಾಜ್ ಗೇಸೂದರಾಜ್. 1400ರ ಹೊತ್ತಿಗೆ, ಎಂಬತ್ತರ ಸಮೀಪದ ವಯಸ್ಸಿನಲ್ಲಿ, ಬಹಮನಿಯ ಫಿರೋಜ್ ಶಹನ ಕಾಲದಲ್ಲಿ ದಕ್ಖನಿಗೆ ಬಂದರು, 1422ರಲ್ಲಿ ಕಲಬುರಗಿಯಲ್ಲೇ ತೀರಿಕೊಂಡರು. ಅವರು ಶರೀಅತ್ತಿನ ದೊಡ್ಡ ಪಂಡಿತರೂ ಹೌದು, ಸಮಾ ಪ್ರಿಯರೂ ಹೌದು. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡಿದ್ದರು.

ಬಂದೇನವಾಜರ ಭಕ್ತ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ. 1580ರಿಂದ 1627ರವರೆಗೆ ಆಳಿದ ಈ ದೊರೆ ದಖ್ಖನಿಯಲ್ಲಿ ‘ಕಿತಾಬೆ ನವರಸ್’ ಎಂಬ ರಾಗಬದ್ಧ ಹಾಡುಗಳ ಪುಸ್ತಕ ಕಟ್ಟಿದ. ಸರಸ್ವತಿ, ಗಣಪತಿ, ಪ್ರವಾದಿ, ಬಂದೇನವಾಜ್ ಎಲ್ಲರೂ ಅಲ್ಲಿದ್ದಾರೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಜನ ಜಗದ್ಗುರು ಎಂದರು. ಗಝ್ಝಾಲಿಯವರ ಐದು ಷರತ್ತುಗಳಲ್ಲಿ ಈ ದೊರೆ ಎಷ್ಟನ್ನು ದಾಟುತ್ತಿದ್ದನೋ ನಾನು ಲೆಕ್ಕ ಹಾಕಲಾರೆ. ನಾನು ಹೇಳುವುದಿಷ್ಟೇ: ಕರ್ನಾಟಕದ ಮುಸ್ಲಿಮರು ಈ ಪ್ರಶ್ನೆಗೆ ಕಿತಾಬುಗಳಲ್ಲಿ ಮಾತ್ರ ಉತ್ತರ ಬರೆದಿಲ್ಲ, ಕೊರಳಿನಲ್ಲಿ, ಬೆರಳಿನಲ್ಲಿಯೂ ಬರೆದಿದ್ದಾರೆ.

ಉಸ್ತಾದ್ ಅಬ್ದುಲ್ ಕರೀಂ ಖಾನ್ ಹುಟ್ಟಿದ್ದು ಉತ್ತರದ ಕೈರಾನಾದಲ್ಲಿ. ಮೈಸೂರು ಅರಮನೆಗೆ, ಧಾರವಾಡಕ್ಕೆ ಬಂದು ಹೋಗುತ್ತ ಅವರು ಬಿತ್ತಿದ್ದನ್ನು ಕನ್ನಡ ನಾಡು ಇಂದಿಗೂ ಉಣ್ಣುತ್ತಿದೆ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು, ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಸವಾಯಿ ಗಂಧರ್ವರ ಶಿಷ್ಯರು. ಗದುಗಿನ ಹುಡುಗ ಭೀಮಸೇನ ಮನೆ ಬಿಟ್ಟು ಹೊರಟದ್ದಕ್ಕೆ ಗ್ರಾಮೊಫೋನಿನಲ್ಲಿ ಕೇಳಿದ ಕರೀಂ ಖಾನರ ದನಿಯೇ ಪ್ರೇರಣೆ. 1937ರ ಅಕ್ಟೋಬರಿನಲ್ಲಿ ಮದ್ರಾಸಿನ ದಕ್ಷಿಣಕ್ಕಿರುವ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ಎದೆನೋವು ಬಂದು ಖಾನ್ ಸಾಹೇಬರು ಇಳಿದರು. ಹಾಸಿಗೆ ಹಾಸಿಸಿ ನಮಾಜು ಮಾಡಿ, ದೇವರ ಸ್ಮರಣೆಯನ್ನು ದರ್ಬಾರಿ ಕಾನಡಾದಲ್ಲಿ ಹಾಡುತ್ತ ಕಣ್ಣು ಮುಚ್ಚಿದರು ಎಂದು ಕಿರಾನಾ ಘರಾಣೆಯವರು ಹೇಳಿಕೊಂಡು ಬಂದಿದ್ದಾರೆ. ಸಾಯುವ ಗಳಿಗೆಯಲ್ಲಿ ಒಬ್ಬ ಮುಸಲ್ಮಾನನಿಗೆ ರಾಗವೂ ಕಲ್ಮಾವೂ ಬೇರೆಯಾಗಿರಲಿಲ್ಲ. ಅದು ಸರಿಯೋ ತಪ್ಪೋ ಎಂದು ಫತ್ವಾ ಕೇಳಲು ನನಗೆ ಬಾಯಿ ಬರುವುದಿಲ್ಲ. ಅವರನ್ನು ಮಣ್ಣು ಮಾಡಿದ್ದು ಮಿರಜಿನ ಖ್ವಾಜಾ ಮೀರಾ ಸಾಹೇಬ್ ದರ್ಗಾದ ಆವರಣದಲ್ಲಿ. ಉರುಸಿನಲ್ಲಿ ಅಲ್ಲಿ ಇಂದಿಗೂ ದೊಡ್ಡ ದೊಡ್ಡ ಗಾಯಕರು ಕೂತು ಹಾಡುತ್ತಾರೆ.

ಅದೇ ಮಿರಜಿನಲ್ಲಿ ಸಿತಾರ್, ತಂಬೂರಿ ಮಾಡುವ ಶಿಕಲಗಾರ ಮನೆತನಗಳಿವೆ. ಮೂಲದಲ್ಲಿ ಕತ್ತಿಗೆ ಸಾಣೆ ಹಿಡಿಯುತ್ತಿದ್ದವರು. ಕತ್ತಿಯ ಕಾಲ ಮುಗಿದಾಗ ಅದೇ ಕೈಗಳು ಕುಂಬಳದ ಬುರುಡೆ ಹಿಡಿದು ವಾದ್ಯ ಮಾಡತೊಡಗಿದವು. ಆ ಸಿತಾರ್ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಧಾರವಾಡದಲ್ಲಿ ಸಿತಾರ್ ರತ್ನ ರಹಿಮತ್ ಖಾನರಿಂದ 2007ರಲ್ಲಿ ತೀರಿಕೊಂಡ ಉಸ್ತಾದ್ ಬಾಲೇಖಾನರವರೆಗೆ, ಅವರಾಚೆಗೂ, ಒಂದೇ ಮನೆತನದ ಬೆರಳುಗಳಲ್ಲಿ ಸಿತಾರ್ ಉಳಿದುಬಂದಿದೆ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ನಾಟಕ ಕಂಪನಿಯಿಂದ ಮುಂಬಯಿಗೆ ಹೋಗಿ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದರು. ರಹಮತ್ ತರೀಕೆರೆಯವರು ಆಕೆಯ ಬದುಕನ್ನೂ ಕರ್ನಾಟಕದ ಮೊಹರಮ್ಮನ್ನೂ ಕುರಿತು ಊರೂರು ತಿರುಗಿ ಬರೆದಿರದಿದ್ದರೆ ಈ ಚರಿತ್ರೆಯ ಎಷ್ಟೋ ಪಾಲು ನಮಗೆ ಗೊತ್ತೇ ಆಗುತ್ತಿರಲಿಲ್ಲ. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ರಾಜಕುಮಾರ್ ತುಟಿಗಿಟ್ಟ ಸನಾದಿಯಿಂದ ಹೊಮ್ಮಿದ್ದು ಐದು ಹೊತ್ತು ನಮಾಜು ಬಿಡದ ಬಿಸ್ಮಿಲ್ಲಾ ಖಾನರ ಉಸಿರು. ಶಿಶುನಾಳ ಷರೀಫರ ಹೆಸರನ್ನು ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ.

ಕರಾವಳಿಯ ನಡೆ ಬೇರೆ. ಅಲ್ಲಿನ ಬ್ಯಾರಿಗಳು ಶಾಫಿ ಮದ್‌ಹಬ್‌ನವರು. ದಫ್ ಎಂಬ ಚರ್ಮವಾದ್ಯಕ್ಕೆ ಹದೀಸಿನ ಆಧಾರ ಇರುವುದರಿಂದ ಅದು ಮದರಸಾದ ಅಂಗಳದಲ್ಲೇ ಬೆಳೆಯಿತು. ಸಾಲಾಗಿ ಕೂತ ಮಕ್ಕಳು ದಫ್ ಬಡಿಯುತ್ತ ಬಾಗಿ ಏಳುವುದು, ಪ್ರವಾದಿ ಸ್ತುತಿಯ ಬುರ್ದಾ ಹಾಡುವುದು, ಮದುವೆಯ ಮನೆಯ ಬ್ಯಾರಿ ಹಾಡುಗಳು, ಕೋಲ್ಕಳಿ ಇವಕ್ಕೆಲ್ಲ ಒಪ್ಪಿಗೆ ಇದೆ. ತಂತಿ ಬಂದರೆ ಹುಬ್ಬು ಏರುತ್ತದೆ. ಕಾಸರಗೋಡಿನ ತಳಂಗರೆಯ ಟಿ. ಉಬೈದ್ ಕನ್ನಡದಲ್ಲಿ ಓದಿ ಬೆಳೆದು, ಮಾಪಿಳ್ಳೆ ಹಾಡುಗಳಿಗೆ ಮಲಯಾಳ ಸಾಹಿತ್ಯದಲ್ಲಿ ಸ್ಥಾನ ಕೊಡಿಸಿದವರು. ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಶಿಯಾಗಳಲ್ಲಿ ಮೊಹರಮ್ಮಿನ ನೋಹಾ ದನಿ ಎದೆ ಕರಗಿಸುತ್ತದೆ, ಅದನ್ನು ಅವರು ಶೋಕ ಎನ್ನುತ್ತಾರೆ, ಸಂಗೀತ ಎನ್ನುವುದಿಲ್ಲ. ಶಿಯಾ ಧರ್ಮಗುರು ಸಿಸ್ತಾನಿಯವರ ಅಳತೆಗೋಲು ಕೂಡ ವಾದ್ಯದ ಹೆಸರಲ್ಲ: ಮೋಜಿನ ಕೂಟಕ್ಕೆ ತಕ್ಕ ಸಂಗೀತ ಬೇಡ ಎಂಬುದು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ತಿದ್ದಬೇಕು. ದರ್ಗಾಕ್ಕೆ ಹೋಗುವವರೆಲ್ಲ ಸಂಗೀತದ ಪರ, ಹೋಗದವರೆಲ್ಲ ವಿರುದ್ಧ ಎಂದು ಜನ ಭಾವಿಸುತ್ತಾರೆ. ಬರೇಲ್ವಿ ಪರಂಪರೆಯ ಗುರು ಅಹ್ಮದ್ ರಜಾ ಖಾನ್ ವಾದ್ಯದ ಜೊತೆ ಹಾಡುವ ಕವಾಲಿಯನ್ನು ಹರಾಂ ಎಂದೇ ಬರೆದರು. ಅವರನ್ನು ತಲೆಯ ಮೇಲೆ ಹೊತ್ತವರ ಉರುಸುಗಳಲ್ಲೂ ಹಾರ್ಮೋನಿಯಂ, ಢೋಲಕ್ ನಿಂತಿಲ್ಲ. ಫತ್ವಾ ಒಂದು ದಾರಿ, ಊರಿನ ರೂಢಿ ಇನ್ನೊಂದು ದಾರಿ ನಡೆಯುವುದು ನಮ್ಮಲ್ಲಿ ಹೊಸದಲ್ಲ. ಇನ್ನೊಂದೆಡೆ ಅಲ್ ಅಝರ್‌ನ ಮುಖ್ಯಸ್ಥರಾಗಿದ್ದ ಮಹ್ಮೂದ್ ಶಲ್ತೂತ್, 1960ರಲ್ಲಿ ಹಲಾಲ್ ಹರಾಂ ಕುರಿತ ಹೆಸರಾಂತ ಪುಸ್ತಕ ಬರೆದ ಯೂಸುಫ್ ಅಲ್ ಕರ್ದಾವಿ ಇವರೆಲ್ಲ ಮಾತು ಕೆಟ್ಟದ್ದಲ್ಲದೆ, ಹೆಂಡ-ಅಶ್ಲೀಲದ ಸಂಗವಿಲ್ಲದೆ ಇದ್ದರೆ ಸಂಗೀತ ಕೇಳಬಹುದು ಎಂದರು. ಅವರು ಮಸೀದಿಗೆ ಹೊರಗಿನವರಲ್ಲ.

ಇಲ್ಲಿ ಪೀಣ್ಯದ ಕಡೆಯ ಮದುವೆಗಳಲ್ಲಿ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಡಿಜೆ ಇದ್ದರೆ ನಿಕಾಹ್ ಓದಿಸುವುದಿಲ್ಲ ಎನ್ನುವ ಖಾಜಿಗಳಿದ್ದಾರೆ. ನಾನು ಅವರ ಕಡೆಯವನು. ಸಾಲ ಮಾಡಿ ಸ್ಪೀಕರ್ ಬಾಡಿಗೆ ತಂದು, ರಾತ್ರಿ ಎರಡಕ್ಕೆ ಪಕ್ಕದ ಮನೆಯ ಮೊದಲ ಶಿಫ್ಟಿನವರ ನಿದ್ದೆ ಕೆಡಿಸುವ ಸದ್ದಿಗೆ ಕರೀಂ ಖಾನರ ಹೆಸರು ಹೇಳಿ ರಕ್ಷಣೆ ಕೊಡಬಾರದು. ಅಲ್ಲಿ ತಪ್ಪು ಸ್ವರದ್ದಲ್ಲ, ದುಂದಿನದು, ನೆರೆಯವರ ಹಕ್ಕಿನದು. ಗಝ್ಝಾಲಿ ಇದ್ದಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರೆಂದು ನನ್ನ ನಂಬಿಕೆ.

ಆದರೆ 2017ರ ಮಾರ್ಚಿನಲ್ಲಿ ನಡೆದದ್ದಕ್ಕೆ ನಾನು ಒಪ್ಪಲಾರೆ. ಸಾಗರದ ಸುಹಾನಾ ಸೈಯದ್ ಜೀ ಕನ್ನಡದ ಸರಿಗಮಪ ವೇದಿಕೆಯಲ್ಲಿ ಹಿಜಾಬ್ ಧರಿಸಿ ಸಿನಿಮಾದ ಒಂದು ದೇವರ ಹಾಡು ಹಾಡಿದಳು. ಅದರ ಬೆನ್ನಿಗೇ ಫೇಸ್‌ಬುಕ್ಕಿನ ಒಂದು ಪುಟ ಆಕೆಯ ಮೇಲೆ, ತಂದೆ ತಾಯಿಯ ಮೇಲೆ ಹರಿಹಾಯ್ದಿತು. ಪರಪುರುಷರ ಮುಂದೆ ಹಾಡಿದ್ದು, ಹಿಂದೂ ದೇವರ ಹಾಡು ಹಾಡಿದ್ದು ಎರಡೂ ಅವರ ಆಕ್ಷೇಪ. ಹೆಣ್ಣಿನ ದನಿಯ ಬಗ್ಗೆ ಶಾಸ್ತ್ರದಲ್ಲಿ ಚರ್ಚೆ ಇದೆ, ಅನ್ಯದೇವರ ಸ್ತುತಿ ತೌಹೀದಿಗೆ, ಅಂದರೆ ದೇವರು ಒಬ್ಬನೇ ಎಂಬ ನಂಬಿಕೆಗೆ, ತಾಗುವ ಪ್ರಶ್ನೆ ಎಂಬುದೂ ನಿಜ. ಚರ್ಚೆ ಮಾಡಲಿ. ಆದರೆ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳನ್ನು ಬೀದಿಯಲ್ಲಿ ನಿಲ್ಲಿಸಿ ಬೈಯುವುದು ಯಾವ ಮದ್‌ಹಬ್‌ನಲ್ಲಿದೆ? ಹೆಣ್ಣುಮಕ್ಕಳನ್ನು ಕಂಡರೆ ಗಂಟಲು ದೊಡ್ಡದಾಗುವವರು ಗಂಡಸರ ಡಿಜೆಯ ಮುಂದೆ ಇಷ್ಟು ದನಿ ಎತ್ತಿದ್ದನ್ನು ನಾನು ಕಂಡಿಲ್ಲ. 2013ರಲ್ಲಿ ಕಾಶ್ಮೀರದ ಮೂವರು ಹುಡುಗಿಯರ ‘ಪ್ರಗಾಶ್’ ತಂಡ ಇದೇ ಬಗೆಯ ಬೈಗುಳಕ್ಕೆ, ಮುಫ್ತಿಯ ಹೇಳಿಕೆಗೆ ಹೆದರಿ ಮುಚ್ಚಿಹೋಯಿತು. ಸುಹಾನಾ ಹಾಡುವುದನ್ನು ಬಿಡಲಿಲ್ಲ. ಬೆರಳು ಇರಬೇಕಾದದ್ದು ತನ್ನ ಕಿವಿಯ ಮೇಲೆ, ಇನ್ನೊಬ್ಬರ ಕೊರಳಿನ ಮೇಲಲ್ಲ.

ಹುಡುಗ ಮುಂದಿನ ಭಾನುವಾರ ಮನೆಗೆ ಬಂದ. ವಾರದ ರಜೆ, ರೋಜಾ ಇತ್ತು. ಇಷ್ಟನ್ನೂ ಹೇಳಿದೆ. "ಹಂಗಾರ ನಾ ಏನ್ ಮಾಡ್ಲಿ ಚಾಚಾ?" ಎಂದ. ನಿನ್ನ ಮನಸ್ಸು ಬೇಡ ಎಂದರೆ ಬಿಡು, ಬಿಟ್ಟದ್ದಕ್ಕೆ ಯಾರೂ ನಗಬಾರದು. ಶೆಡ್ಡಿನ ರೇಡಿಯೊ ನೀನು ಹುಡುಕಿಕೊಂಡು ಹೋದದ್ದಲ್ಲ, ಅದರ ಲೆಕ್ಕ ನಿನ್ನ ತಲೆಗಿಲ್ಲ ಎಂದೆ. ಆಮೇಲೆ ಟ್ರಂಕು ತೆಗೆದು ಅಪ್ಪನ ಪುಸ್ತಕ ಅವನ ಕೈಗಿಟ್ಟೆ. ಕೆಂಪು ಬಟ್ಟೆಯ ರಟ್ಟು, ಶಾಯಿ ಕೆಲವೆಡೆ ಹರಡಿತ್ತು. ಅವನ ಊರಲ್ಲೂ ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಇವೇ ಪದಗಳಂತೆ, ಅವನ ಅಜ್ಜ ಹೇಳುತ್ತಿದ್ದನಂತೆ. ರೋಜಾ ಇದ್ದೀನಿ, ರಾಗ ಹಾಕೂದಿಲ್ಲ, ಸುಮ್ನ ಓದ್ತೀನಿ ಎಂದು ಶುರು ಮಾಡಿದ. ಮೊದಲ ನುಡಿ ಓದಿದ, ಎರಡನೆಯದು ಓದಿದ. ಮೂರನೆಯದಕ್ಕೆ ಬರುವಷ್ಟರಲ್ಲಿ ರಾಗ ತಾನಾಗಿ ಬಂದಿತ್ತು.